ಹೊಲದ ಪಂಚಾಂಗ, ಸಾಲಿಯ ಪಂಚಾಂಗ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಒಂದರಿಂದ ಐದನೇ ತರಗತಿ ಓದುವ ಮಕ್ಕಳ ಮನೆಯವರಿಗೆ

ಮೇ ಕೊನೆಯ ವಾರದಲ್ಲಿ ಸರ್ಕಾರಿ ಶಾಲೆಗಳ ಬಾಗಿಲು ತೆರೆಯುತ್ತದೆ. ಅದೇ ಹೊತ್ತಿಗೆ ರೋಹಿಣಿ ಮಳೆ ಕೂಡುತ್ತದೆ. ಕುಷ್ಟಗಿ, ಯಲಬುರ್ಗಾದ ಎರೆ ಹೊಲಗಳಿಗೆ ಮನೆಮಂದಿಯೆಲ್ಲ ಹೆಸರು ಬಿತ್ತಲು ಹೊರಟ ಬೆಳಿಗ್ಗೆಯೇ ಒಂದನೇ ತರಗತಿಯ ಮಗುವಿಗೆ ಮೊದಲ ದಿನ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ನಾಟಿ ಶುರುವಾಗುತ್ತದೆ, ಶಾಲೆಯಲ್ಲಿ ಅದೇ ವಾರ ಮೊದಲ ಮೌಲ್ಯಮಾಪನ. ಹೆಸರು ಬಿಡಿಸುವುದು, ಪಂಚಮಿಗೆ ಅವ್ವನ ತವರಿಗೆ ಹೋಗುವುದು, ಸೀಗಿ ಹುಣ್ಣಿಮೆಗೆ ಚರಗ ಚೆಲ್ಲುವುದು, ಎಳ್ಳಮಾಸಿ, ಗವಿಮಠದ ಜಾತ್ರೆ, ಆಮೇಲೆ ಬೆಂಗಳೂರಿಗೋ ಮಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುವುದು. ನಮ್ಮ ಭಾಗದ ಮಗುವಿನ ಕಲಿಕೆ ಒಮ್ಮೆಲೇ ನಿಲ್ಲುವುದು ಕಡಿಮೆ. ಇಲ್ಲಿ ನಾಲ್ಕು ದಿನ, ಅಲ್ಲಿ ಎಂಟು ದಿನ ಎಂದು ಸೋರಿ ಹೋಗುವುದೇ ಹೆಚ್ಚು.

ಈ ಸೋರಿಕೆ ನಿಲ್ಲಿಸಲು ಮನೆಯವರು ಮಾಡಬಹುದಾದ ಮೊದಲ ಕೆಲಸಕ್ಕೆ ಖರ್ಚಿಲ್ಲ. ಶಾಲೆಯಲ್ಲಿ ಯಾವ ತಿಂಗಳು ಏನು ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದು, ಹೊಲದ ಕೆಲಸದ ಪಕ್ಕಕ್ಕೆ ಇಟ್ಟು ನೋಡುವುದು. ಶಾಲೆಯ ಸುದ್ದಿ ಅಚ್ಚಾದ ಕಾಗದವಾಗಿ ಮನೆಗೆ ಬರುವುದು ಅಪರೂಪ. ವಾಟ್ಸ್ಆ್ಯಪ್ ಗುಂಪಿದ್ದರೆ ಆ ಫೋನು ಅಪ್ಪನ ಜೇಬಿನಲ್ಲಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗಿರುತ್ತದೆ. ಹಾಗಾಗಿ ಸುದ್ದಿ ಎಲ್ಲಿದೆಯೋ ಅಲ್ಲಿಗೇ ಹೋಗಿ ಓದಬೇಕು.

ತರಗತಿಯ ಗೋಡೆಯಲ್ಲಿ ಏನಿದೆ

ಒಂದರಿಂದ ಮೂರನೇ ತರಗತಿಯವರೆಗಿನ ಕೋಣೆ ನಲಿ-ಕಲಿ ಕೋಣೆ. ಈ ಪದ್ಧತಿ 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊದಲಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುವುದನ್ನು ಕಂಡು ಎಷ್ಟೋ ಹಿರಿಯರು, ‘ಇಲ್ಲಿ ಪಾಠ ನಡೆಯಂಗಿಲ್ಲ, ಬರೇ ಆಟ’ ಎಂದು ಹೊರಬರುತ್ತಾರೆ. ಹೊರಬರುವ ಮುಂಚೆ ಐದು ನಿಮಿಷ ನಿಂತು ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಆ ಚಿತ್ರದ ಕಾರ್ಡು ತಟ್ಟೆಯಲ್ಲಿ. ಮಗು ತನ್ನ ಮೆಟ್ಟಿಲು ತಾನೇ ಗುರುತಿಸಿ, ಕಾರ್ಡು ತಂದು, ಗುಂಪಿನಲ್ಲಿ ಕೂತು ಕಲಿಯುತ್ತದೆ. ಕೆಲವು ಗುಂಪಿಗೆ ಶಿಕ್ಷಕರ ಸಹಾಯ ಪೂರ್ತಿ ಬೇಕು, ಕೆಲವಕ್ಕೆ ಅರ್ಧ, ಕೆಲವಕ್ಕೆ ಗೆಳೆಯರೇ ಸಾಕು. ಮೇಲೆ ಹಗ್ಗ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದದ್ದು, ಬಿಡಿಸಿದ್ದು ತೂಗುತ್ತಿರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆ ಎಟಕುವ ಎತ್ತರಕ್ಕೆ ಕಪ್ಪು ಹಲಗೆ.

ನಿಮಗೆ ಬೇಕಾದ ಸುದ್ದಿ ‘ಪ್ರಗತಿ ನೋಟ’ ಎಂಬ ಹಾಳೆಯಲ್ಲಿದೆ. ಪ್ರತಿ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬ ಗುರುತು ಅದರಲ್ಲಿ ಇರುತ್ತದೆ. ಓದು ಬಾರದ ತಾಯಿಯೂ ‘ನಮ್ಮ ಹುಡುಗಿ ಎಲ್ಯದಾಳ್ರಿ ಅಕ್ಕೋರ?’ ಎಂದು ಕೇಳಿ, ಬೆರಳಿಟ್ಟು ತೋರಿಸಿಕೊಳ್ಳಬಹುದು. ತಿಂಗಳ ನಂತರ ಮತ್ತೆ ಹೋದಾಗ ಆ ಗುರುತು ಮೇಲಕ್ಕೆ ಸರಿದಿದೆಯೋ ಅಲ್ಲೇ ನಿಂತಿದೆಯೋ ನೋಡಿದರೆ ಸಾಕು. ನಲಿ-ಕಲಿಯಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ಹತ್ತು ದಿನ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಬಿಟ್ಟು ಬಿಟ್ಟು ಹೋದ ಮಗು ಮೂರನೇ ತರಗತಿ ಮುಗಿದರೂ ಏಣಿಯ ಅರ್ಧದಲ್ಲೇ ಇರುತ್ತದೆ. ನಾಲ್ಕನೇ ತರಗತಿಯಲ್ಲಿ ಏಣಿ ಇರುವುದಿಲ್ಲ, ಪಠ್ಯಪುಸ್ತಕವೇ ಎದುರಿಗಿರುತ್ತದೆ. ನಾಲ್ಕಕ್ಕೆ ಬಂದ ಮಕ್ಕಳು ಮಂಕಾಗುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಮನೆಯಲ್ಲಿ ಅಳೆದು ನೋಡಲು ಒಂದು ಗೆರೆ ಬೇಕಾದರೆ, 2021ರಲ್ಲಿ ಶುರುವಾದ ನಿಪುಣ್ ಭಾರತ್ ಕಾರ್ಯಕ್ರಮ ಇಟ್ಟ ಗುರಿ ಹೀಗಿದೆ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಪದಗಳ ಸಣ್ಣ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಗೊತ್ತಿರಬೇಕು. ಎರಡನೆಯದಕ್ಕೆ 999ರವರೆಗೆ. ಮೂರನೆಯದು ಮುಗಿಯುವಾಗ ನಿಮಿಷಕ್ಕೆ ಕನಿಷ್ಠ 60 ಪದ ಅರ್ಥ ಮಾಡಿಕೊಂಡು ಓದಬೇಕು, 9999ರವರೆಗಿನ ಸಂಖ್ಯೆ ಬರಬೇಕು. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಫಲಕ, ಬೀಜದ ಚೀಲದ ಮೇಲಿನ ಬರಹ ಓದಿಸಿ. ಸಂತೆಯಲ್ಲಿ ಚಿಲ್ಲರೆ ಎಣಿಸಲು ಕೊಡಿ. ನಿಮಗೆ ಓದು ಬಾರದಿದ್ದರೂ ಮಗು ತಡವರಿಸುತ್ತಿದೆಯೋ ಸರಾಗವಾಗಿ ಓದುತ್ತಿದೆಯೋ ಕಿವಿಗೆ ತಿಳಿಯುತ್ತದೆ.

ತಾಂಡಾದ ಮನೆಗಳಲ್ಲಿ ಲಂಬಾಣಿ, ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮನೆಮಾತು. ಇನ್ನೂ ಎಷ್ಟೋ ಮನೆಗಳಲ್ಲಿ ಉರ್ದು. ಅಂಥ ಮಗು ಕನ್ನಡದ ತರಗತಿಯಲ್ಲಿ ಮೊದಲ ಕೆಲವು ತಿಂಗಳು ಬಾಯಿ ಬಿಡದಿದ್ದರೆ ದಡ್ಡ ಎಂದುಕೊಳ್ಳಬೇಡಿ. ಮನೆಯಲ್ಲಿ ಮನೆಮಾತನ್ನು ಬಿಡಿಸಿ ಅರೆಬರೆ ಕನ್ನಡ ಆಡಿಸುವುದಕ್ಕಿಂತ, ಅಜ್ಜಿ ತನ್ನ ಮಾತಿನಲ್ಲೇ ಕಥೆ ಹೇಳಲಿ. ಒಂದು ಭಾಷೆಯಲ್ಲಿ ಕಥೆ ಕೇಳಿ ಬೆಳೆದ ಮಗುವಿಗೆ ಇನ್ನೊಂದು ಭಾಷೆಯ ಓದು ಬೇಗ ಹತ್ತುತ್ತದೆ.

ಜೂನ್‌ನಿಂದ ದಸರಾವರೆಗೆ

ಜೂನ್‌ನಲ್ಲಿ ಸೇತುಬಂಧ. ಹಿಂದಿನ ವರ್ಷ ಕಲಿತದ್ದರಲ್ಲಿ ಏನು ಉಳಿದಿದೆ ಎಂದು ಪರೀಕ್ಷಿಸಿ, ಮರೆತದ್ದನ್ನು ಮತ್ತೆ ಕಲಿಸುವ ದಿನಗಳಿವು. ‘ಇನ್ನೂ ಪಾಠಾನ ಶುರು ಆಗಿಲ್ಲ, ಒಂದು ವಾರ ಬಿಟ್ಟು ಕಳಸಿದ್ರಾತು’ ಎಂಬ ಮಾತು ಊರೂರಿಗೂ ಕೇಳಿಬರುತ್ತದೆ. ಬೇಸಿಗೆಯಲ್ಲಿ ಓದು ಮರೆತ ಮಗುವಿಗೆ ಇಡೀ ವರ್ಷದಲ್ಲಿ ಅತ್ಯಂತ ಬೇಕಾದ ದಿನಗಳೆಂದರೆ ಇವೇ.

ಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸು ಉಚಿತ. ಶೂ ಖರೀದಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮೂಲಕ ಆಗುವುದರಿಂದ ಅಳತೆ ಕೊಡುವ ದಿನ ಮಗು ಹಾಜರಿರಲಿ. ಈ ತಿಂಗಳಲ್ಲೇ ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು, ಅಂದರೆ ಶಾಲೆಯ ದಾಖಲೆಯಲ್ಲಿರುವ ಗುರುತಿನ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳಿ. ಶಾಲೆ ಬದಲಿಸುವಾಗ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಅದೇ ಬೇಕು. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಇದ್ದರೆ ಈಗಲೇ ಸರಿಮಾಡಿಸಿ. ವಿದ್ಯಾರ್ಥಿವೇತನದ ಹಣ ತಡೆಯಾಗುವುದು ಬಹಳಷ್ಟು ಸಲ ಇಂಥ ಸಣ್ಣ ತಪ್ಪಿಗೇ. ಜನನ ಪ್ರಮಾಣಪತ್ರ ಇಲ್ಲವೆಂದು ಅಥವಾ ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ.

ಬಿಸಿಯೂಟದ ವಿಷಯಕ್ಕೆ ನಮ್ಮ ಜಿಲ್ಲೆ ಹೆಮ್ಮೆಪಡಬೇಕು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಕೊಪ್ಪಳವೂ ಸೇರಿದ ಈ ಭಾಗದ ಏಳು ಜಿಲ್ಲೆಗಳಲ್ಲಿ. ಮೊಟ್ಟೆ ಕೊಡುವ ಯೋಜನೆಯೂ 2021ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದು ನಮ್ಮ ಭಾಗಕ್ಕೇ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಪ್ರಾಥಮಿಕ ಹಂತದ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಲೆಕ್ಕ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೂ ಸೇರಿ ದೊಡ್ಡವರು ರುಚಿ ನೋಡಬೇಕೆಂಬ ನಿಯಮವಿದೆ. ಬಿಡುವಿದ್ದ ದಿನ ತಾಯಂದಿರು ಆ ಹೊತ್ತಿಗೆ ಹೋಗಿ ಒಂದು ತುತ್ತು ತಿಂದು ಬರಬಹುದು. ಅಡುಗೆಯವರನ್ನು ಕಾಯಲು ಹೋಗುತ್ತಿದ್ದೇವೆ ಎಂಬ ಭಾವ ಬೇಡ. ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಹೊಲವನ್ನು ಊರ ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಶಾಲೆಯ ಒಲೆಯ ಮುಂದೆ ನಿಂತವರ ಮೇಲೆ ನಮಗಿರಬೇಕಾದ ಗೌರವ ಅಂಥದ್ದು.

ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ಆಗಸ್ಟ್ ಮತ್ತು ಫೆಬ್ರುವರಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಗೆ ಹೆದರಬೇಡಿ. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಮಗುವಿಗೆ ಜ್ವರವಿದ್ದರೆ, ಬೇರೆ ಔಷಧಿ ನಡೆಯುತ್ತಿದ್ದರೆ ಮೊದಲೇ ಶಿಕ್ಷಕರಿಗೆ ಹೇಳಿ.

ಆಗಸ್ಟ್, ಸೆಪ್ಟೆಂಬರ್ ನಮ್ಮ ಕಡೆ ಅತಿ ಕಷ್ಟದ ತಿಂಗಳು. ಹೆಸರು ಬಿಡಿಸಲು ಎಳೆಯ ಕೈಗಳು ಬೇಕು ಎಂದು ಮನೆಯವರಿಗೆ ಅನಿಸುತ್ತದೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜೋತ್ಪಾದನೆಯ ಕ್ರಾಸಿಂಗ್ ಕೆಲಸ ಏರುವುದೂ ಈಗಲೇ. ಹೂವಿನ ಮೊಗ್ಗು ಬಿಡಿಸಿ ಪರಾಗ ಸವರುವ ಈ ಕೆಲಸಕ್ಕೆ ಮಕ್ಕಳ ಎತ್ತರ, ಮಕ್ಕಳ ಬೆರಳು ಹೇಳಿಮಾಡಿಸಿದಂತೆ ಎಂದು ಕರೆದೊಯ್ಯುತ್ತಾರೆ. ಔಷಧಿ ಹೊಡೆದ ಗಿಡಗಳ ನಡುವೆ ಬೆಳಗಿನಿಂದ ಬಗ್ಗಿ ನಿಲ್ಲುವ ಕೆಲಸ ಅದು. ಬಾಲಕಾರ್ಮಿಕ ಕಾಯ್ದೆಗೆ ಬಂದ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವನ್ನು ಯಾವುದೇ ಕೂಲಿ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಮನೆಯ ಹೊಲದಲ್ಲಿ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಕೈ ಹಚ್ಚಲು ಮಾತ್ರ ಕಾನೂನು ಬಿಟ್ಟಿದೆ. ದಿನದ ಕೂಲಿ ಕೈಗೆ ಬರುವುದು ದೊಡ್ಡ ಮಾತೇ, ಬಡತನದ ಮನೆಗೆ ಗೊತ್ತು ಅದರ ಬೆಲೆ. ಆದರೂ ಸೆಪ್ಟೆಂಬರ್‌ನಲ್ಲಿ ತಪ್ಪಿದ ತರಗತಿಯ ಪೆಟ್ಟು ಅರ್ಧವಾರ್ಷಿಕ ಮೌಲ್ಯಮಾಪನದಲ್ಲಿ ನೇರವಾಗಿ ಕಾಣಿಸುತ್ತದೆ. ಊರಿನಲ್ಲಿ ಮಕ್ಕಳನ್ನು ಗಾಡಿ ಹತ್ತಿಸುವುದು ಕಂಡರೆ 1098ಕ್ಕೆ ಕರೆ ಮಾಡಬಹುದು, ಹಣ ಹತ್ತುವುದಿಲ್ಲ.

ಸೆಪ್ಟೆಂಬರ್ 17 ನಮ್ಮ ಭಾಗದ ಶಾಲೆಗಳಲ್ಲಿ ವಿಶೇಷ ದಿನ. 1948ರಲ್ಲಿ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ನೆನಪಿಗೆ ಧ್ವಜ ಹಾರಿಸುತ್ತಾರೆ. ಆ ಕಾಲ ಕಂಡ ಮುತ್ಯಾ, ಅಮ್ಮ ಮನೆಯಲ್ಲಿದ್ದರೆ ಅವರನ್ನು ಶಾಲೆಗೆ ಕರೆದೊಯ್ಯಿರಿ. ರಜಾಕಾರರ ಕಾಲದ ಊರಿನ ಕಥೆ ಅವರ ಬಾಯಿಂದ ಕೇಳುವ ಅವಕಾಶ ಈ ಮಕ್ಕಳ ತಲೆಮಾರಿಗೇ ಕೊನೆ.

ಮಕ್ಕಳ ಸಂತೆ, ಪ್ರತಿಭಾ ಕಾರಂಜಿ, ಗ್ರಾಮಸಭೆ

ಮಳೆಗಾಲದಿಂದ ಚಳಿಗಾಲದವರೆಗೆ ಚಟುವಟಿಕೆಗಳ ಸಾಲು. ಪ್ರತಿಭಾ ಕಾರಂಜಿ ಮೊದಲು ಕ್ಲಸ್ಟರ್ ಮಟ್ಟದಲ್ಲಿ, ಗೆದ್ದವರಿಗೆ ತಾಲ್ಲೂಕು, ಆಮೇಲೆ ಜಿಲ್ಲೆ. ಚಿಕ್ಕ ಮಕ್ಕಳಿಗೆ ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ. ಛದ್ಮವೇಷಕ್ಕೆ ಬಾಡಿಗೆ ಬಟ್ಟೆಗೆಂದು ಸಾಲ ಮಾಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಪ್ಪನ ರುಮಾಲು, ಅವ್ವನ ಇಳಕಲ್ ಸೀರೆ ಸಾಕು. ಮಣ್ಣಿನ ಮಾದರಿಗೆ ಕೆರೆಯ ಜಿಗಟು ಮಣ್ಣು ಎರಡು ದಿನ ಮೊದಲೇ ಕಲಸಿಟ್ಟರೆ ಬಿರುಕು ಬಿಡುವುದಿಲ್ಲ.

ಮಕ್ಕಳ ಸಂತೆಯ ದಿನ ಮಾತ್ರ ಯಾವ ಮನೆಯೂ ತಪ್ಪಿಸಬಾರದು. ಶಾಲೆಯ ಅಂಗಳದಲ್ಲಿ ಮಕ್ಕಳೇ ಮೆಂತ್ಯ, ಪುಂಡಿಪಲ್ಯ, ಬದನೆ, ಮಿರ್ಚಿ, ಮಂಡಕ್ಕಿ ಮಾರಲು ಕೂರುತ್ತಾರೆ. ಇಲ್ಲಿ ದೊಡ್ಡವರು ಮಾಡುವ ಎರಡು ತಪ್ಪುಗಳಿವೆ. ಮಗುವಿನ ಪಕ್ಕ ತಾವೇ ಕೂತು ವ್ಯಾಪಾರ ಮುಗಿಸಿಬಿಡುವುದು ಒಂದು. ‘ಇರಲಿ ಬಿಡು, ಚಿಲ್ಲರೆ ಇಟ್ಕೋ’ ಎಂದು ಹತ್ತು ರೂಪಾಯಿಯ ಸೊಪ್ಪಿಗೆ ಐವತ್ತು ಕೊಟ್ಟು ಹೋಗುವುದು ಇನ್ನೊಂದು. ಮಗು ಲೆಕ್ಕ ಮಾಡಲಿ, ತಡವಾಗಲಿ, ಕಾಯಿರಿ. ಚೌಕಾಸಿ ಮಾಡಿ. ಕಾಲು ಕಿಲೋ ಕೇಳಿ, ತಕ್ಕಡಿ ಹಿಡಿಸಿ. ಹಿಂದಿನ ರಾತ್ರಿ ಮನೆಯಲ್ಲಿ ಕೂತು ಅಸಲು ಎಷ್ಟು, ಮಾರುವ ಬೆಲೆ ಎಷ್ಟು ಎಂದು ಮಗುವಿನ ಕೈಯಲ್ಲೇ ಬರೆಸಿ. ಸಂಜೆ ಉಳಿದದ್ದೆಷ್ಟು ಎಂದು ಎಣಿಸಲಿ. ಕೂಡುವುದು, ಕಳೆಯುವುದು, ತೂಕ, ಲಾಭ-ನಷ್ಟ ಅಷ್ಟೂ ಆ ಒಂದು ದಿನದಲ್ಲಿ ಕೈಗೆ ಬರುತ್ತವೆ.

ಮೂರನೇ ಶನಿವಾರ ಸಂಭ್ರಮ ಶನಿವಾರ, ಅಂದು ಚೀಲ ಇಲ್ಲ. ಹೀಗೆ ಬಿಡುವಾಗುವ ದಿನಗಳಿಗೆ, ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬಗಳಿಗೆ ಎಸ್‌ಡಿಎಂಸಿಯವರು ಮನಸ್ಸು ಮಾಡಿದರೆ ನಮ್ಮ ಸುತ್ತಲೇ ಎಷ್ಟಿದೆ! ಕಿನ್ನಾಳದ ಬಣ್ಣದ ಗೊಂಬೆ ಮಾಡುವ ಮನೆಗಳು ಕೊಪ್ಪಳದ ಹತ್ತಿರವೇ ಇವೆ. ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಹಳೆಯ ರಟ್ಟು, ಎರಡು ಕಡ್ಡಿ, ಒಂದು ಬಿಳಿ ಪಂಚೆ, ಹಿಂದೆ ಒಂದು ದೀಪ ಇದ್ದರೆ ಮೂರನೇ ತರಗತಿಯವರೇ ಗೊಂಬೆಯಾಟ ಕಟ್ಟುತ್ತಾರೆ. ಇಟಗಿಯ ಮಹಾದೇವ ದೇವಾಲಯ 1112ರದ್ದು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಹಿರೇಬೆಣಕಲ್‌ನ ಮೋರೆರ ಕಲ್ಲುಮನೆಗಳಿಗೆ ಹತ್ತಲು ಚಿಕ್ಕ ಮಕ್ಕಳಿಗೆ ಬಿಸಿಲು ಏರುವ ಮುಂಚಿನ ಹೊತ್ತೇ ಸರಿ, ನೀರು ಹೊತ್ತು ಹೋಗಬೇಕು. ದೂರದ ಪ್ರವಾಸಕ್ಕೆ ನೂರಾರು ರೂಪಾಯಿ ಹೊಂದಿಸಲಾಗದೆ ಮನೆಯಲ್ಲೇ ಉಳಿಯುವ ಮಕ್ಕಳಿರುತ್ತಾರೆ. ಹತ್ತಿರದ ಜಾಗವಾದರೆ ಎಲ್ಲರೂ ಬರುತ್ತಾರೆ.

ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ ಪಂಚಾಯಿತಿಯಲ್ಲಿ ನಡೆಯುತ್ತದೆ. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಇಲ್ಲ, ಶಾಲೆಯ ಹಾದಿಯಲ್ಲಿ ಹೆಂಡದಂಗಡಿ ಇದೆ ಎಂದು ಮಕ್ಕಳು ಪಿಡಿಒ ಎದುರು ನಿಂತು ಹೇಳುತ್ತಾರೆ. ಮಗು ಏನು ಕೇಳಿತು ಎಂಬುದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟಿದೆಯೇ ಎಂದು ಮರುವಾರ ಹೋಗಿ ನೋಡುವುದು ದೊಡ್ಡವರ ಕೆಲಸ.

ಪಾಲಕರ ಸಭೆಯಲ್ಲಿ ಏನು ಕೇಳಬೇಕು

ಅರ್ಧವಾರ್ಷಿಕ ಮೌಲ್ಯಮಾಪನದ ನಂತರ ಮತ್ತು ವರ್ಷದ ಕೊನೆಗೆ ‘ಸಮುದಾಯದತ್ತ ಶಾಲೆ’ ಸಭೆ ನಡೆಯುತ್ತದೆ. ಮಕ್ಕಳ ಪ್ರಗತಿ ಪತ್ರ ಅಂದು ನಿಮ್ಮ ಕೈಗೆ ಬರುತ್ತದೆ. ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಎದ್ದು ಬರಬೇಡಿ. ಎ+ ಎಂದಿದ್ದರೂ ಸಿ ಎಂದಿದ್ದರೂ ಮಗುವಿನ ಪುಸ್ತಕ ತೋರಿಸಲು ಕೇಳಿ. ಓದಲು ಎಲ್ಲಿ ತೊಡಕಾಗುತ್ತಿದೆ, ಯಾವ ಲೆಕ್ಕ ಬರುತ್ತಿಲ್ಲ, ಎಷ್ಟು ದಿನ ಗೈರು, ಗೆಳೆಯರ ಜೊತೆ ಹೇಗಿದ್ದಾನೆ ಎಂದು ಕೇಳಿ. ಕಣ್ಣು, ಕಿವಿಯ ತೊಂದರೆ ಮೊದಲು ಗೊತ್ತಾಗುವುದು ಶಿಕ್ಷಕರಿಗೇ, ಅದನ್ನೂ ಕೇಳಿ. ಹೊಡೆತ ಬೀಳುತ್ತಿದೆ ಎಂದು ಮಗು ಹೇಳಿದ್ದರೆ ಅದನ್ನೂ ಶಾಂತವಾಗಿ ಎತ್ತಿ. ‘ಎರಡು ಬಿಗೀರಿ ಸರ್, ಅಂದ್ರ ಕಲೀತಾನ’ ಎಂದು ಪಾಲಕರೇ ಹೇಳಿಬರುವ ರೂಢಿ ಇನ್ನೂ ಇದೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ಹೆದರಿದ ಮಗು ಶಾಲೆ ತಪ್ಪಿಸಲು ಕಲಿಯುತ್ತದೆ, ಅಷ್ಟೇ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಸ್‌ಡಿಎಂಸಿಯಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಎಸ್‌ಡಿಎಂಸಿಯಲ್ಲಿ ಹೆಸರು ಹೆಂಡತಿಯದ್ದು, ಕೂರುವುದು ಗಂಡ ಎಂಬಂತಾದರೆ ಮಗುವಿನ ದಿನಚರಿ ಬಲ್ಲವರ ಮಾತು ಸಭೆಗೆ ಬರುವುದೇ ಇಲ್ಲ. ಸಭೆಯನ್ನು ಹೊಲದಿಂದ ಮರಳುವ ಹೊತ್ತಿಗೆ ಅಥವಾ ಅಮಾವಾಸ್ಯೆಯ ದಿನ ಇಡಿರೆಂದು ಮುಖ್ಯ ಗುರುಗಳಿಗೆ ಕೇಳಿಕೊಳ್ಳಿ. ಎತ್ತಿಗೆ ನೊಗ ಕಟ್ಟದ ದಿನ ಜನ ಊರಲ್ಲೇ ಇರುತ್ತಾರೆ.

ಗುಳೆ ಹೋಗುವ ಮನೆಗಳಿಗೆ

ಹಿಂಗಾರು ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಲೇ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆ ಕಾಣುತ್ತವೆ. ಹೊರಡುವ ಮುಂಚೆ ಶಾಲೆಗೆ ಹೋಗಿ ಹೇಳಿ, ಹೇಳದೆ ಹೋಗಬೇಡಿ. ಅಜ್ಜ-ಅಜ್ಜಿಯ ಹತ್ತಿರ ಮಗುವನ್ನು ಬಿಡಬಹುದಾದರೆ ಅದು ಎಲ್ಲಕ್ಕಿಂತ ಒಳ್ಳೆಯದು. ಹಾಗೆ ಬಿಟ್ಟಾಗ ಅಜ್ಜಿಯ ಫೋನ್ ನಂಬರನ್ನು ಶಾಲೆಯಲ್ಲಿ ಬರೆಸಿ. ಗುಳೆ ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಋತುಮಾನದ ವಸತಿ ವ್ಯವಸ್ಥೆ ಮಾಡಲು ಅವಕಾಶವಿದೆ. ಊರಿನಿಂದ ಎಷ್ಟು ಮಕ್ಕಳು ಹೊರಡುತ್ತಾರೆ ಎಂಬ ಪಟ್ಟಿಯನ್ನು ಎಸ್‌ಡಿಎಂಸಿಯವರು ಅಕ್ಟೋಬರ್‌ನಲ್ಲೇ ಬಿಇಒ ಕಚೇರಿಗೆ ಕೊಟ್ಟರೆ ಕೇಳಲು ಬಲ ಬರುತ್ತದೆ. ಮಗುವನ್ನು ಜೊತೆಗೇ ಒಯ್ಯುವುದಾದರೆ ಸ್ಯಾಟ್ಸ್ ಸಂಖ್ಯೆ, ಆಧಾರ್ ಪ್ರತಿ, ಪ್ರಗತಿ ಪತ್ರ ಚೀಲದಲ್ಲಿರಲಿ. ಕೆಲಸದ ಜಾಗದ ಹತ್ತಿರದ ಸರ್ಕಾರಿ ಶಾಲೆ ವರ್ಷದ ಯಾವ ತಿಂಗಳಲ್ಲಾದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು.

ಐದನೇ ತರಗತಿಯವರಿಗೆ ಇನ್ನೊಂದು ಲೆಕ್ಕ. ಕುಕನೂರಿನಲ್ಲಿರುವ ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿಗೆ ಐದರಲ್ಲಿ ಓದುವಾಗಲೇ ಪರೀಕ್ಷೆ ಬರೆಯಬೇಕು. ಅರ್ಜಿ ಹಾಕುವುದು ಮಳೆಗಾಲದಲ್ಲೇ, ಮತ್ತು ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳಿಗೆ, ಆದರ್ಶ ವಿದ್ಯಾಲಯಗಳಿಗೆ ಬೇರೆ ಬೇರೆ ಪ್ರವೇಶ ಪರೀಕ್ಷೆಗಳಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ದಸರಾ ರಜೆಯಲ್ಲೇ ಅರ್ಜಿ ಕೊಟ್ಟಿಟ್ಟರೆ ಕೊನೆಯ ದಿನದ ಓಡಾಟ ತಪ್ಪುತ್ತದೆ.

ಮಾರ್ಚ್‌ನಲ್ಲಿ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ, ಏಪ್ರಿಲ್‌ನಲ್ಲಿ ಫಲಿತಾಂಶ. ಯುಗಾದಿಗೆ ಊರಿಗೆ ಬಂದ ದುಡಿಯುವವರು ನಾಲ್ಕು ದಿನ ಹೆಚ್ಚು ನಿಂತು ವರ್ಷದ ಕೊನೆಯ ‘ಸಮುದಾಯದತ್ತ ಶಾಲೆ’ ಸಭೆ ಮುಗಿಸಿಕೊಂಡೇ ಹೋಗಲಿ. ರಜೆಗೆ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವನ್ನು ಕರೆದೊಯ್ದು ಹೆಸರು ಬರೆಸಿ, ಮೊದಲ ಪುಸ್ತಕವನ್ನು ಅದೇ ಆರಿಸಲಿ. ಗ್ರಂಥಾಲಯದ ಬಾಗಿಲು ಹಾಕಿದ್ದರೆ ಯಾವ ಹೊತ್ತಿಗೆ ತೆರೆಯುತ್ತೀರೆಂದು ಪಿಡಿಒ ಅವರನ್ನು ಕೇಳಿ.